ಚೀನ ದೇಶದ ಅಡಿಗೆಮನೆಗಳು

ಬೆಳಗಾಗಿ ಮನೆಯ ಬಾಗಿಲನ್ನು ತೆರೆದೊಡನೆ ಗೃಹಸ್ಥನಾದವನಿಗೆ ಏಳು ವಸ್ತುಗಳ ಚಿಂತೆ ತಪ್ಪಿದ್ದಲ್ಲವೆಂದು ಚೀನ ದೇಶದಲ್ಲಿ ಒಂದು ಹಳೆಯ ಮಾತುಂಟು. 700 ವರ್ಷಗಳಿಗೂ ಹಿಂದಿನಿಂದ ಅದು ಅಲ್ಲಿಯ ಜನರ ಬಾಯಲ್ಲಿ ನಿಂತಿರುವುದು. ಆ ಏಳು ಯಾವುವೆಂದರೆ: ಸೌದೆ, ಅಕ್ಕಿ, ಎಣ್ಣೆ, ಉಪ್ಪು, ಹುಳಿಸಿದ ಸೋಯಾ ಕಾಳಿನ ಸಾರ, ವಿನೆಗರ್ ಮತ್ತು ಚಹ. ಪಟ್ಟಿಯ ಮೊದಲಲ್ಲಿ ಅಕ್ಕಿಯೂ ಇಲ್ಲ, ಉಪ್ಪೂ ಇಲ್ಲ. ಸೌದೆಯಿದೆ ಎಂಬುದನ್ನು ವಾಚಕರು ಲಕ್ಷಿಸಬೇಕು. ಬೇಯಿಸಲು ಬೆಂಕಿಯೇ ಇಲ್ಲದಿದ್ದರೆ ಮಿಕ್ಕ ಆರರಿಂದ ಫಲವೇನು? ಈ ಪಟ್ಟಿಯನ್ನು ನಮ್ಮ ಸೀಮೆಯ ಯಾವ ಗೃಹಿಣಿಗೆ ಓದಿ ಹೇಳಿದರೂ, ಸೋಯಾದ ಸ್ಥಾನದಲ್ಲಿ ಬೇಳೆಯನ್ನೂ ವಿನೆಗರಿನ ಸ್ಥಾನದಲ್ಲಿ ಹುಣಿಸೆಯನ್ನೂ ಇಟ್ಟುಕೊಂಡು, ಇದು ನಮ್ಮ ಮನೆಯ ಪಟ್ಟಿಯೇ ಎಂದು ಆಕೆ ಹೇಳಿಯಾಳು.

ಆದರೆ ಚೀನರ ಊಟವೆಂದೊಡನೆ ನಮ್ಮವರ ಮನಸ್ಸಿಗೆ ತೋರುವುದು ಬೇರೆಯೇ ಒಂದು ಚಿತ್ರ. ಸಂಜೆಯ ಹೊತ್ತು ಬೀದಿಯ ತಳ್ಳುಗಾಡಿಯ ಮುಂದೆ ನಿಂತು ತಿನ್ನುವ ಗೋಬಿ ಮಂಚೂರಿಯೇ ಚೀನದ ಅಡಿಗೆಯೆಂದು ನಮ್ಮ ಮಕ್ಕಳು ತಿಳಿದಿರುವರು. ಹಿರಿಯರಲ್ಲಿಯೂ ಹಾಗೆ ತಿಳಿದವರು ಕಡಿಮೆಯಲ್ಲ. ನಿಜವಾಗಿ ನೋಡಿದರೆ ಆ ಭಕ್ಷ್ಯವು ನಮ್ಮ ದೇಶದಲ್ಲಿಯೇ ಹುಟ್ಟಿದುದು. ಕಲ್ಕತ್ತೆಯಲ್ಲಿ ಜನಿಸಿದ ಚೀನೀ ವಂಶದ ಬಾಣಸಿಗ ನೆಲ್ಸನ್ ವಾಂಗ್ ಎಂಬವರು 1975ರಲ್ಲಿ ಮುಂಬಯಿಯಲ್ಲಿ ಬೆಳ್ಳುಳ್ಳಿ, ಶುಂಠಿ, ಹಸಿಮೆಣಸಿನಕಾಯಿ, ಸೋಯಾ ಸಾಸ್‌ಗಳನ್ನು ಕೂಡಿಸಿ ಕೋಳಿಯ ಮಾಂಸದಿಂದ ಮಾಡಿದ ಒಂದು ಹೊಸ ಅಡಿಗೆಯೇ ಇದರ ಮೂಲವೆಂದು ಪ್ರಸಿದ್ಧಿಯಿದೆ. ಮಾಂಸದ ಬದಲು ಹೂಕೋಸನ್ನು ಹಾಕಿದೊಡನೆ ಅದು ಶಾಕಾಹಾರಿಗಳಿಗೂ ಪ್ರಿಯವಾಯಿತು. ರುಚಿಯಾದುದನ್ನು ತಿನ್ನಬಾರದೆಂದು ನಾವು ಹೇಳುವುದಿಲ್ಲ. ಮಂಚೂರಿಯ ಸೀಮೆಯ ಹೆಸರನ್ನು ಹೊತ್ತ ಆ ತಟ್ಟೆಯಿಂದ ಮಂಚೂರಿಯವನ್ನಾಗಲಿ ಚೀನವನ್ನಾಗಲಿ ಅಳೆಯಬಾರದೆಂದು ಮಾತ್ರ ನಮ್ಮ ಬಿನ್ನಹ.

ಚೀನವು ಒಂದು ಖಂಡದಷ್ಟು ವಿಸ್ತಾರವಾದ ದೇಶ. ಉತ್ತರದಲ್ಲಿ ಹಿಮ ಬೀಳುವ ಬಯಲು, ದಕ್ಷಿಣದಲ್ಲಿ ಬಾಳೆ ಬೆಳೆಯುವ ಕರಾವಳಿ, ಪಶ್ಚಿಮದಲ್ಲಿ ಮರುಭೂಮಿ. ಇಂಥ ನಾಡಿನಲ್ಲಿ ಒಂದೇ ಪಾಕಶಾಸ್ತ್ರ ಇರಲಾರದು. ಅಲ್ಲಿಯ ಪಾಕಕುಶಲರು ಶಾನ್‌ಡಾಂಗ್, ಸಿಚುವಾನ್, ಗ್ವಾಂಗ್‌ಡಾಂಗ್, ಜಿಯಾಂಗ್‌ಸು, ಜೆಜಿಯಾಂಗ್, ಫೂಜಿಯಾನ್, ಹುನಾನ್, ಆನ್ಹುಯ್ ಎಂಬ ಎಂಟು ಪ್ರಾಂತಗಳ ಹೆಸರಿನಲ್ಲಿ ಎಂಟು ಪದ್ಧತಿಗಳನ್ನು ಎಣಿಸುವರು. ಈ ಎಣಿಕೆ 20ನೆಯ ಶತಮಾನದ್ದಾದರೂ ಅದರ ಹಿಂದಿರುವ ಭೇದಗಳು ಬಹು ಪ್ರಾಚೀನವಾದುವು. ಆ ಭೇದಗಳು ನಾಲಗೆಯ ಚಾಪಲ್ಯದಿಂದ ಹುಟ್ಟಿದುವಲ್ಲ. ಈ ನೆಲದಲ್ಲಿ ಬೆಳೆಯುವುದೇನು, ಒಲೆಗೆ ದೊರೆಯುವ ಸೌದೆ ಎಷ್ಟು, ಚಳಿ ಎಷ್ಟು ತಿಂಗಳು, ಉಪ್ಪು ಎಷ್ಟು ದೂರ ಎಂಬ ಪ್ರಶ್ನೆಗಳಿಗೆ ತಲತಲಾಂತರದ ಗೃಹಸ್ಥರು ತಮ್ಮ ತಮ್ಮ ಒಲೆಯ ಮುಂದೆ ಕಂಡುಕೊಂಡ ಉತ್ತರವೇ ಒಂದೊಂದು ಸೀಮೆಯ ಅಡಿಗೆಯಾಗಿ ನಿಂತಿರುವುದು.

ಮೊದಲು ಎಲ್ಲ ಸೀಮೆಗಳಿಗೂ ಸಮಾನವಾದುದನ್ನು ನೋಡೋಣ. ಚೀನರ ಊಟಕ್ಕೆ ಎರಡು ಅಂಗಗಳು. ಬೇಯಿಸಿದ ಧಾನ್ಯಕ್ಕೆ ಫಾನ್ ಎಂದೂ, ಅದರೊಡನೆ ನಂಚಿಕೊಳ್ಳುವ ಕಾಯಿಪಲ್ಯ, ಮೀನು, ಮಾಂಸಗಳಿಗೆ ತ್ಸಾಯ್ ಎಂದೂ ಹೆಸರು. ಹೊಟ್ಟೆ ತುಂಬಿಸುವುದು ಫಾನ್. ಅದನ್ನು ಒಳಗಿಳಿಸಲು ನೆರವಾಗುವುದು ತ್ಸಾಯ್. ಮುದ್ದೆಗೆ ಸಾರು, ರೊಟ್ಟಿಗೆ ಪಲ್ಯ ಎಂದು ಬದುಕಿದ ನಮಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಇಬ್ಬರು ಎದುರಾದಾಗ ಕುಶಲಪ್ರಶ್ನೆಯಾಗಿ ಊಟವಾಯಿತೇ ಎಂದು ಕೇಳುವ ವಾಡಿಕೆ ನಮ್ಮಲ್ಲಿರುವಂತೆಯೇ ಅಲ್ಲಿಯೂ ಉಂಟು. ಅವರು ಕೇಳುವುದು ಫಾನ್ ಉಂಡಿರಾ ಎಂದು. ಹಸಿವಿನ ನೆನಪಿರುವ ಜನರ ನಡುವೆ ಮಾತ್ರ ಇಂಥ ಕುಶಲಪ್ರಶ್ನೆ ಹುಟ್ಟುವುದೆಂದು ನಾವು ಭಾವಿಸುತ್ತೇವೆ.

ಎರಡನೆಯ ಸಮಾನ ಧರ್ಮವು ಸೌದೆಯ ಮಿತವ್ಯಯ. ಜನ ಹೆಚ್ಚಿ ಕಾಡು ಕರಗಿದ ಬಯಲುಗಳಲ್ಲಿ ಹುಲ್ಲು, ಪೈರಿನ ದಂಟು, ಚಕ್ಕೆಗಳೇ ಒಲೆಗೆ ಗತಿ. ಅವು ಭಗ್ಗನೆ ಉರಿದು ಬೇಗ ಆರಿಹೋಗುವುವು. ಅಂಥ ಉರಿಗೆ ತಕ್ಕ ಪಾತ್ರೆಯೆಂದರೆ ತೆಳುವಾದ ಕಬ್ಬಿಣದ ಗುಂಡುತಳದ ಬಾಣಲೆ. ಅದರಲ್ಲಿ ಬೇಗ ಬೇಯಬೇಕಾದರೆ ಪದಾರ್ಥವನ್ನು ಮೊದಲೇ ಸಣ್ಣಗೆ, ಸಮವಾಗಿ ಹೆಚ್ಚಿಟ್ಟಿರಬೇಕು. ಹೆಚ್ಚಲು ಅರ್ಧ ಗಂಟೆ, ಬೇಯಿಸಲು ಎರಡು ಮೂರು ನಿಮಿಷ ಎಂಬುದು ಅಲ್ಲಿಯ ಲೆಕ್ಕ. ಕೈಯ ಶ್ರಮವನ್ನು ಹೆಚ್ಚಿಸಿ ಸೌದೆಯ ವೆಚ್ಚವನ್ನು ತಗ್ಗಿಸುವ ಉಪಾಯವಿದು. ಎಲ್ಲವನ್ನೂ ಅಡಿಗೆಮನೆಯಲ್ಲಿಯೇ ಹೆಚ್ಚಿ ಮುಗಿಸಿರುವುದರಿಂದ ಉಣ್ಣುವಾಗ ಕತ್ತಿಯ ಕೆಲಸವಿಲ್ಲ. ಎರಡು ಕಡ್ಡಿಗಳೇ ಸಾಕು.

ಇನ್ನು ಭೇದಗಳಿಗೆ ಬರೋಣ. ಛಿನ್‌ಲಿಂಗ್ ಪರ್ವತಶ್ರೇಣಿ ಮತ್ತು ಹ್ವಾಯ್ ನದಿಗಳ ಗುಂಟ ಪೂರ್ವಪಶ್ಚಿಮವಾಗಿ ಒಂದು ರೇಖೆಯನ್ನು ಎಳೆದರೆ, ಅದರ ಉತ್ತರಕ್ಕೆ ಮಳೆ ಕಡಿಮೆ, ಗೋದಿ ಹೆಚ್ಚು. ದಕ್ಷಿಣಕ್ಕೆ ಮಳೆ ಹೆಚ್ಚು, ಬತ್ತ ಪ್ರಧಾನ. ಚೀನರೆಲ್ಲರೂ ಅಕ್ಕಿ ಉಣ್ಣುವವರೆಂಬುದು ಸರಿಯಲ್ಲ. ಉತ್ತರದವನ ಊಟ ಹಿಟ್ಟಿನದು: ಶ್ಯಾವಿಗೆ, ಹಬೆಯಲ್ಲಿ ಬೆಂದ ಉಬ್ಬಿದ ರೊಟ್ಟಿ, ಹೂರಣ ತುಂಬಿದ ಕಡುಬು. ಗೋದಿಯಾದರೂ ಅಲ್ಲಿಗೆ ಪಶ್ಚಿಮದಿಂದ ಬಂದ ಧಾನ್ಯ. ಅದಕ್ಕಿಂತ ಹಿಂದೆ ಆ ನೆಲದ ಮೂಲಧಾನ್ಯಗಳಾಗಿದ್ದುವು ನಮಗೆ ಚಿರಪರಿಚಿತವಾದ ನವಣೆ ಮತ್ತು ಬರಗು. ಇವೆರಡನ್ನೂ ಸುಮಾರು 8000 ವರ್ಷಗಳ ಹಿಂದೆಯೇ ಉತ್ತರ ಚೀನದ ರೈತರು ಬೆಳೆಯುತ್ತಿದ್ದರು. ಛಿಂಗ್‌ಹಾಯ್ ಪ್ರಾಂತದ ಲಾಜಿಯಾ ಎಂಬಲ್ಲಿ ಭೂಮಿಯೊಳಗೆ ಬೋರಲಾಗಿ ಬಿದ್ದಿದ್ದ ಒಂದು ಮಣ್ಣಿನ ಬಟ್ಟಲಿನ ಕೆಳಗೆ ಸುಮಾರು 4000 ವರ್ಷ ಹಳೆಯ ಶ್ಯಾವಿಗೆ ದೊರೆತುದು. ಅದು ನವಣೆ ಬರಗುಗಳದೆಂದು ಪರೀಕ್ಷಿಸಿದ ಪಂಡಿತರು 2005ರಲ್ಲಿ ಪ್ರಕಟಿಸಿದರು. ಬಯಲುಸೀಮೆಯ ನಮ್ಮ ಅಜ್ಜಿಯರು ಬೇಯಿಸುತ್ತಿದ್ದ ನವಣೆಯನ್ನವು ಎಷ್ಟು ದೂರದ ನಂಟಿನದೆಂಬುದನ್ನು ಇದರಿಂದ ತಿಳಿಯಬಹುದು.

ಉತ್ತರದ ಪದ್ಧತಿಗಳಲ್ಲಿ ಶಾನ್‌ಡಾಂಗ್ ಪ್ರಾಂತದ್ದು ಅಗ್ರಗಣ್ಯ. ಅಲ್ಲಿಯ ಬಾಣಸಿಗರು ಬೀಜಿಂಗ್ ಅರಮನೆಯ ಪಾಕಶಾಲೆಗೂ ತಮ್ಮ ಕೈಗುಣವನ್ನು ಕೊಂಡೊಯ್ದರು. ತಿಳಿಯಾದ ಕಟ್ಟು, ಕಡಲಿನ ಮೀನು, ಒಂದು ಮೀಟರನ್ನೂ ಮೀರಿ ಬೆಳೆಯುವ ಈರುಳ್ಳಿಯ ದಂಟು ಇವು ಅಲ್ಲಿಯ ವಿಶೇಷಗಳು. ಶಾನ್ಶಿ ಪ್ರಾಂತದಲ್ಲಿ ಕಣಕದ ಮುದ್ದೆಯನ್ನು ಕೈಯಲ್ಲಿ ಹಿಡಿದು, ಕುದಿಯುವ ನೀರಿಗೆ ನೇರವಾಗಿ ಬೀಳುವಂತೆ ಕತ್ತಿಯಿಂದ ಹೆರೆಯುವರು. ಅದರ ಮೇಲೆ ವರ್ಷಗಟ್ಟಲೆ ಇಟ್ಟ ಕಪ್ಪು ವಿನೆಗರನ್ನು ಸುರಿಯುವರು. ಇನ್ನೂ ಪಶ್ಚಿಮಕ್ಕೆ ಹೋದರೆ ಮುಸಲ್ಮಾನರ ಸೀಮೆ. ಅಲ್ಲಿಯ ಉಯ್ಗುರ್ ಜನರ ನಾನ್ ರೊಟ್ಟಿ, ಪಲಾವು, ಜೀರಿಗೆ ಹಾಕಿದ ಕುರಿಮಾಂಸಗಳು ಬೀಜಿಂಗಿಗಿಂತ ದೆಹಲಿಗೆ ಹತ್ತಿರವೆಂದು ತೋರುವುವು.

ನಿಜವಾದ ಮಂಚೂರಿಯದ ಮನೆಯ ಅಡಿಗೆ ಹೇಗಿರುವುದು? ಅಲ್ಲಿ ಚಳಿಗಾಲವು ಐದಾರು ತಿಂಗಳು, ನೆಲ ಕಲ್ಲಾಗುವುದು. ಆದುದರಿಂದ ಹಿಮ ಬೀಳುವ ಮೊದಲೇ ಪ್ರತಿಯೊಂದು ಮನೆಯೂ ಉದ್ದನೆಯ ಎಲೆಕೋಸುಗಳನ್ನು ರಾಶಿಯಾಗಿ ಕೊಂಡು, ದೊಡ್ಡ ಗುಡಾಣಗಳಲ್ಲಿ ಉಪ್ಪು ನೀರು ಹಾಕಿ, ಮೇಲೊಂದು ಕಲ್ಲನ್ನು ಹೇರಿ ಹುಳಿಯಲು ಬಿಡುವುದು. ಮುಂದೆ ಹಸಿರೆಂಬುದೇ ಕಾಣದ ತಿಂಗಳುಗಳಲ್ಲಿ ಈ ಹುಳಿಕೋಸನ್ನು ಹಂದಿಯ ಮಾಂಸದೊಡನೆ ನಿಧಾನವಾಗಿ ಕುದಿಸಿ ಉಣ್ಣುವರು. ವರ್ಷಾರಂಭದ ಹಬ್ಬಕ್ಕೆ ಮನೆಮಂದಿಯೆಲ್ಲ ಕುಳಿತು ನೂರಾರು ಕಡುಬುಗಳನ್ನು ಕಟ್ಟಿ ಹೊರಗಿಟ್ಟರೆ ಚಳಿಯೇ ಅವನ್ನು ಹೆಪ್ಪುಗಟ್ಟಿಸಿ ಕಾಯುವುದು. ನಮ್ಮ ಬೀದಿಯ ಕೆಂಪು ಗೋಬಿಗೂ ಆ ಹೆಪ್ಪುಗಟ್ಟಿದ ಅಂಗಳಕ್ಕೂ ಇರುವ ಅಂತರವನ್ನು ವಾಚಕರೇ ಊಹಿಸಿಕೊಳ್ಳಲಿ.

ದಕ್ಷಿಣಕ್ಕೆ ಇಳಿದು ಯಾಂಗ್‌ಟ್ಸೆ ನದಿಯ ಕೆಳಪಾತ್ರಕ್ಕೆ ಬಂದರೆ ನೀರು, ಬತ್ತ, ಮೀನುಗಳ ಸಮೃದ್ಧಿ. ಜಿಯಾಂಗ್‌ಸು, ಜೆಜಿಯಾಂಗ್ ಪ್ರಾಂತಗಳ ಈ ಅಡಿಗೆ ಮೃದುವಾದುದು. ಸೋಯಾ, ಸಕ್ಕರೆ, ಅಕ್ಕಿಯ ಮದ್ಯಗಳಲ್ಲಿ ಹೊತ್ತುಗಟ್ಟಲೆ ಬೆಂದು ಹೊಳೆಯುವ ಕೆಂಪು ಬಣ್ಣವನ್ನು ತಾಳುವುದು. ಇಲ್ಲಿಯ ನಾನ್‌ಜಿಂಗ್ ನಗರದಲ್ಲಿದ್ದ ಯುವಾನ್ ಮೇ ಎಂಬ ಕವಿಯು 1792ರಲ್ಲಿ ಪ್ರಕಟಿಸಿದ ಪಾಕಗ್ರಂಥವು ಇಂದಿಗೂ ಪ್ರಮಾಣವಾಗಿದೆ. ಒಳ್ಳೆಯ ಊಟದ ಕೀರ್ತಿಯಲ್ಲಿ ಬೇಯಿಸಿದವನಿಗೆ ಹೆಚ್ಚು ಪಾಲು ಸಂದರೂ, ಪೇಟೆಗೆ ಹೋಗಿ ಆರಿಸಿ ತಂದವನಿಗೂ ಗಣ್ಯವಾದ ಪಾಲು ಸಲ್ಲಬೇಕೆಂಬುದು ಆತನ ಮತ. ಚೀನದ ಊಟವೆಲ್ಲ ಮಾಂಸಮಯವೆಂದು ಹೇಸುವ ನಮ್ಮ ಶಾಕಾಹಾರಿ ಸೋದರಿಯರಿಗೂ ಇಲ್ಲಿ ತಿಳಿಯಬೇಕಾದುದೊಂದುಂಟು. 6ನೆಯ ಶತಮಾನದಲ್ಲಿ ನಾನ್‌ಜಿಂಗಿನಿಂದ ಆಳಿದ ಲಿಯಾಂಗ್ ವಂಶದ ವೂ ಚಕ್ರವರ್ತಿಯು ಬೌದ್ಧ ಸನ್ಯಾಸಿಗಳಿಗೆ ಮಾಂಸವನ್ನು ನಿಷೇಧಿಸಿದನು. ಅಂದಿನಿಂದ ವಿಹಾರಗಳ ಪಾಕಶಾಲೆಗಳಲ್ಲಿ ಅಣಬೆ, ಬಿದಿರಿನ ಕಳಲೆ, ಗೋದಿಯ ಅಂಟು, ಸೋಯಾ ಹಾಲನ್ನು ಒಡೆಸಿ ಮಾಡಿದ ತೋಫುಗಳಿಂದ ಒಂದು ಪರಿಪೂರ್ಣವಾದ ಶಾಕಪಾಕವು ಬೆಳೆದಿದೆ. ಯಾಂಗ್‌ಜೌ ಪಟ್ಟಣದ ವೆನ್‌ಸಿ ಎಂಬ ಸನ್ಯಾಸಿಯ ಹೆಸರಿನ ಸಾರಿನಲ್ಲಿ, ಮುಟ್ಟಿದರೆ ಮುರಿಯುವ ತೋಫುವನ್ನು ಕೂದಲೆಳೆಯಷ್ಟು ಸಣ್ಣಗೆ ಹೆಚ್ಚಿ ತೇಲಿಸುವರು.

ದಕ್ಷಿಣದ ತುದಿಯ ಗ್ವಾಂಗ್‌ಡಾಂಗ್ ಪ್ರಾಂತದಲ್ಲಿ ತಾಜಾತನವೇ ಪರಮಧರ್ಮ. ಮೀನು ಒಲೆಗೇರುವ ಗಳಿಗೆಯವರೆಗೂ ಜೀವಂತವಾಗಿರಬೇಕು; ಅದನ್ನು ಹಬೆಯಲ್ಲಿ ಬೇಯಿಸಿ ಶುಂಠಿ, ಈರುಳ್ಳಿಸೊಪ್ಪು, ತುಸು ಸೋಯಾ ಹಾಕಿದರೆ ಮುಗಿಯಿತು. ಇದಕ್ಕೆ ಆಧಾರವಾಗಿ ಅಲ್ಲಿಯ ಪರ್ಲ್ ನದಿಯ ಮುಖಜಭೂಮಿಯಲ್ಲಿ ಒಂದು ಚೆಲುವಾದ ಬೇಸಾಯಕ್ರಮವಿದ್ದಿತು. ಕೊಳದ ಏರಿಯ ಮೇಲೆ ಹಿಪ್ಪುನೇರಳೆ. ಅದರ ಸೊಪ್ಪು ರೇಷ್ಮೆಹುಳುವಿಗೆ. ಹುಳುವಿನ ಹಿಕ್ಕೆ ಕೊಳದ ಮೀನಿಗೆ. ಕೊಳದ ಕೆಸರು ಮತ್ತೆ ಹಿಪ್ಪುನೇರಳೆಗೆ. ರಾಮನಗರ, ಶಿಡ್ಲಘಟ್ಟಗಳ ರೇಷ್ಮೆಗಾರರು ಇದರ ಜಾಣತನವನ್ನು ಬೇಗ ಮೆಚ್ಚುವರು. 19ನೆಯ ಶತಮಾನದಲ್ಲಿ ಹೊಟ್ಟೆಪಾಡಿಗಾಗಿ ಕಡಲು ದಾಟಿ ಅಮೇರಿಕಕ್ಕೆ ಹೋದ ಚೀನರು ಬಹುಮಟ್ಟಿಗೆ ಈ ಪ್ರಾಂತದವರು. ಕಲ್ಕತ್ತೆಗೆ ಬಂದು ಬಡಗಿಗಳಾಗಿಯೂ ಚರ್ಮ ಹದಮಾಡುವವರಾಗಿಯೂ ನೆಲಸಿದವರಲ್ಲಿ ಕ್ಯಾಂಟನ್ ಕಡೆಯವರೂ ಹಕ್ಕಾ ಜನರೂ ಪ್ರಮುಖರು. ನಮ್ಮ ಹೋಟೆಲುಗಳಲ್ಲಿ ಹಕ್ಕಾ ನೂಡಲ್ಸ್ ಎಂಬ ಹೆಸರು ಬಂದುದು ಈ ಜನರಿಂದಲೇ. ಹೊರಜಗತ್ತು ಬಹುಕಾಲ ಕಂಡ ಚೀನದ ಅಡಿಗೆಯೆಂದರೆ ಈ ಒಂದು ಮೂಲೆಯದು, ಅದೂ ಪರದೇಶದ ಗಿರಾಕಿಗೆ ಹೊಂದಿಸಿಕೊಂಡದ್ದು.

ಖಾರಪ್ರಿಯರಾದ ನಮಗೆ ಹತ್ತಿರದ ಬಂಧುವೆಂದರೆ ನೈರುತ್ಯದ ಸಿಚುವಾನ್. ಸುತ್ತಲೂ ಬೆಟ್ಟ, ನಡುವೆ ಮಂಜು ಮುಸುಕಿದ ಫಲವತ್ತಾದ ತಗ್ಗುಭೂಮಿ. ಅಲ್ಲಿಯ ಖಾರವು ಅನಾದಿಯೆಂದು ತಿಳಿಯಬಾರದು. ಮೆಣಸಿನಕಾಯಿಯು ಅಮೇರಿಕದಿಂದ ನಮಗೆ ಬಂದಂತೆ ಅವರಿಗೂ ಬಂದುದು. ಚೀನೀ ಗ್ರಂಥದಲ್ಲಿ ಅದರ ಮೊದಲ ಉಲ್ಲೇಖವು 1591ರದು, ಅದೂ ನೋಡಲು ಅಂದವಾದ ಗಿಡವೆಂದು. ಉಪ್ಪು ದುರ್ಲಭವಾಗಿದ್ದ ನೆರೆಯ ಗ್ವಿಜೌ ಪ್ರಾಂತದಲ್ಲಿ ಬಡಜನರು ಉಪ್ಪಿನ ಬದಲು ಅದನ್ನು ತಿನ್ನುತ್ತಿದ್ದರೆಂದು 18ನೆಯ ಶತಮಾನದ ಆರಂಭದ ದಾಖಲೆಗಳು ಹೇಳುವುವು. ಸಪ್ಪೆ ಅನ್ನವನ್ನು ನುಂಗಿಸಿದ ಬಡವರ ಗೆಳೆಯನೇ ಕ್ರಮೇಣ ಆ ಸೀಮೆಗಳ ಕೀರ್ತಿಯಾಯಿತು. ಅದಕ್ಕೆ ಹಿಂದೆ ಸಿಚುವಾನಿನ ಸ್ವಂತ ಕಾರವಾಗಿದ್ದುದು ಹ್ವಾಜಿಯಾವ್ ಎಂಬ, ನಾಲಗೆಯನ್ನು ಜುಮ್ಮೆನ್ನಿಸುವ ಕಾಯಿ. ನಮ್ಮ ಕರಾವಳಿಯ ಕೊಂಕಣಿ ಮನೆಗಳಲ್ಲಿ ಬಳಸುವ ತೆಪ್ಪಳ, ಅರ್ಥಾತ್ ಜುಮ್ಮನಕಾಯಿಯು, ಅದರ ಒಡಹುಟ್ಟು. ನಾವು ಮೆಣಸಿನ ಹೆಸರನ್ನು ಹೊಸ ಕಾಯಿಗೂ ಕೊಟ್ಟು ಮೆಣಸಿನಕಾಯಿ ಎಂದಂತೆ, ಅವರೂ ತಮ್ಮ ಹಳೆಯ ಜಿಯಾವ್ ಎಂಬ ಹೆಸರನ್ನೇ ಅದಕ್ಕೆ ಇಟ್ಟು ಪರದೇಶದ ಜಿಯಾವ್ ಎಂದು ಕರೆದರು.

ಸಿಚುವಾನಿನ ಇನ್ನೊಂದು ಭಾಗ್ಯ ಉಪ್ಪು. ಕಡಲಿನಿಂದ ಬಹುದೂರವಿದ್ದರೂ ಅಲ್ಲಿಯವರು ಭೂಮಿಯನ್ನು ಕೊರೆದು ಉಪ್ಪುನೀರನ್ನು ಎತ್ತುತ್ತಿದ್ದರು. ಜಿಗಾಂಗ್ ಎಂಬಲ್ಲಿ 1835ರಲ್ಲಿ ಬಿದಿರು, ಕಬ್ಬಿಣಗಳ ಸಾಧನದಿಂದ ಕೊರೆದ ಬಾವಿಯು 1000 ಮೀಟರನ್ನೂ ಮೀರಿತು. ಅಷ್ಟು ಆಳದ ಬಾವಿಯನ್ನು ಜಗತ್ತಿನಲ್ಲಿ ಅದಕ್ಕೆ ಮೊದಲು ಯಾರೂ ತೋಡಿರಲಿಲ್ಲ. ಉಪ್ಪಿದ್ದಲ್ಲಿ ಉಪ್ಪಿನಕಾಯಿ. ಬಾಯಿಯ ಸುತ್ತಲೂ ನೀರು ನಿಲ್ಲುವ ಕಟ್ಟೆಯುಳ್ಳ ಮಣ್ಣಿನ ಭರಣಿಯಲ್ಲಿ ಮೂಲಂಗಿ, ಕೋಸು, ಮೆಣಸಿನಕಾಯಿಗಳನ್ನು ಹಾಕಿ ಮುಚ್ಚಳವನ್ನು ನೀರಿನೊಳಗೆ ಕೂರಿಸಿದರೆ, ಹೊರಗಿನ ಗಾಳಿ ಒಳಹೊಗದು. ದಪ್ಪ ಅವರೆಯ ಜಾತಿಯ ಕಾಳನ್ನು ಮೆಣಸಿನಕಾಯಿಯೊಡನೆ ಹುಳಿಸಿ, ಬಿಸಿಲಿಗೆ ತೆರೆದು ಮಳೆಗೆ ಮುಚ್ಚಿ ವರ್ಷಗಟ್ಟಲೆ ಕಾಯುವರು. ಆ ಸೀಮೆಯ ಎಷ್ಟೋ ವ್ಯಂಜನಗಳಿಗೆ ಅದೇ ಜೀವಾಳ.

ಇಷ್ಟನ್ನೂ ಹೇಳಿದ ಮೇಲೆ ಈ ಒಲೆಗಳ ಕಥೆಯಲ್ಲಿ ಒಂದು ಕರಾಳ ಅಧ್ಯಾಯವನ್ನು ಮರೆಮಾಚಬಾರದು. 1958ರಲ್ಲಿ ಚೀನದ ಸರಕಾರವು ಹಳ್ಳಿಗಳನ್ನು ಜನಸಮುದಾಯಗಳಾಗಿ ಒಗ್ಗೂಡಿಸಿ, ಮನೆಮನೆಯ ಅಡಿಗೆಯ ಬದಲು ಸಾರ್ವಜನಿಕ ಭೋಜನಶಾಲೆಗಳನ್ನು ತೆರೆಯಿತು. ಹೆಂಗಸರನ್ನು ಒಲೆಯಿಂದ ಬಿಡಿಸಿ ಹೊಲಕ್ಕೆ ಒದಗಿಸಬೇಕೆಂಬುದು ಅದರ ಉದ್ದೇಶಗಳಲ್ಲಿ ಒಂದು. ಅನೇಕ ಕಡೆಗಳಲ್ಲಿ ಮನೆಯಲ್ಲಿ ಬೇಯಿಸುವುದೇ ನಿಷಿದ್ಧವಾಯಿತು. ಬಾಣಲೆಗಳನ್ನು ಕಸಿದು ಉಕ್ಕು ಮಾಡುವ ಕುಲುಮೆಗಳಿಗೆ ಹಾಕಿದರು. ಕೆಲವು ತಿಂಗಳು ಜನರು ಹೊಟ್ಟೆ ತುಂಬ ಉಂಡರು. ಆಮೇಲೆ ಉಗ್ರಾಣಗಳು ಬರಿದಾದುವು. ಬೆಳೆಯನ್ನು ಇದ್ದುದಕ್ಕಿಂತ ಹೆಚ್ಚೆಂದು ಬರೆದು ಕಳುಹಿಸಿದ ಅಧಿಕಾರಿಗಳ ಲೆಕ್ಕದಂತೆ ಸರಕಾರವು ಧಾನ್ಯವನ್ನು ಎತ್ತಿಕೊಂಡು ಹೋಯಿತು. 1959ರಿಂದ 1961ರವರೆಗಿನ ಆ ಕ್ಷಾಮದಲ್ಲಿ ಮಡಿದವರು 1.5 ಕೋಟಿಯಿಂದ 4.5 ಕೋಟಿಯವರೆಗೆ ಎಂದು ವಿದ್ವಾಂಸರ ಬೇರೆ ಬೇರೆ ಅಂದಾಜುಗಳಿವೆ. ಸಮೃದ್ಧಿಗೆ ಹೆಸರಾದ ಸಿಚುವಾನ್, ಎಂಟು ಪದ್ಧತಿಗಳಲ್ಲಿ ಒಂದಾದ ಆನ್ಹುಯ್, ಇವೇ ಅತಿ ಹೆಚ್ಚು ನರಳಿದ ಪ್ರಾಂತಗಳ ಸಾಲಿನಲ್ಲಿದ್ದುವು. ಮೂಲೆಯಲ್ಲೊಂದು ಗಡಿಗೆ, ಗಡಿಗೆಯಲ್ಲೊಂದು ಹಿಡಿ ಧಾನ್ಯ, ಅದನ್ನು ನಾಳೆಗೆಂದು ಅಳೆದಿಡುವ ಒಂದು ಕೈ ಇವು ಮನೆಯಿಂದ ಹೊರಟುಹೋದರೆ ಏನಾಗುವುದೆಂಬುದನ್ನು ಆ ಜನ ಅನುಭವಿಸಿ ತಿಳಿದರು.

1961ರಲ್ಲಿ ಆ ಭೋಜನಶಾಲೆಗಳು ಮುಚ್ಚಿದುವು. ಒಲೆಗಳು ಮತ್ತೆ ಮನೆಗೆ ಬಂದುವು. 1978ರಲ್ಲಿ ಆನ್ಹುಯ್ ಪ್ರಾಂತದ ಶಿಯಾವ್‌ಗಾಂಗ್ ಎಂಬ ಹಳ್ಳಿಯ 18 ಮಂದಿ ರೈತರು ಗುಟ್ಟಾಗಿ ಒಪ್ಪಂದ ಮಾಡಿಕೊಂಡು ಹೊಲವನ್ನು ಮನೆಮನೆಗೆ ಹಂಚಿಕೊಂಡರು. ಕೆಲವೇ ವರ್ಷಗಳಲ್ಲಿ ಆ ಕ್ರಮವೇ ದೇಶಕ್ಕೆಲ್ಲ ಅಂಗೀಕೃತವಾಯಿತು. ಆಗ ಪೇಟೆಗಳು ತುಂಬಿದುವು, ಭರಣಿಗಳೂ ತುಂಬಿದುವು. ಸಿಚುವಾನಿನ ರಾಜಧಾನಿಯಾದ ಚೆಂಗ್‌ಡು ನಗರವನ್ನು 2010ರಲ್ಲಿ ಯುನೆಸ್ಕೋ ಸಂಸ್ಥೆಯು ಪಾಕಕಲೆಯ ನಗರವೆಂದು ಮನ್ನಿಸಿತು. ಆ ಮನ್ನಣೆಗೆ ಹೋಟೆಲುಗಳಷ್ಟೇ ಪಾತ್ರವೆಂದು ನಮಗೆ ತೋರುವುದಿಲ್ಲ. ಕ್ಷಾಮವನ್ನು ದಾಟಿ ಭರಣಿಯ ಹದವನ್ನು ಮರೆಯದೆ ಸೊಸೆಗೆ ಹೇಳಿಕೊಟ್ಟ ಹೆಸರಿಲ್ಲದ ಅತ್ತೆಯರಿಗೂ ಅದು ಸಲ್ಲತಕ್ಕದ್ದು.

ಕೊನೆಗೆ, ಓದಿದುದನ್ನು ಒಲೆಯ ಮೇಲೆ ಪರೀಕ್ಷಿಸಬಯಸುವ ಗೃಹಿಣಿಯರಿಗಾಗಿ ಚೀನದ ಸಾಮಾನ್ಯ ಮನೆಗಳ ಒಂದು ಪಲ್ಯವನ್ನು ಹೇಳುವೆವು. ಮೂರು ಆಲೂಗಡ್ಡೆಗಳ ಸಿಪ್ಪೆ ತೆಗೆದು ಬೆಂಕಿಕಡ್ಡಿಗಿಂತ ಸಣ್ಣಗೆ ಉದ್ದುದ್ದ ಹೆಚ್ಚಿ, ನೀರು ತಿಳಿಯಾಗುವವರೆಗೆ ಎರಡು ಮೂರು ಸಲ ತೊಳೆದು ಬಸಿಯಿರಿ. ಬಾಣಲೆಯಲ್ಲಿ ಎರಡು ಚಮಚ ಎಣ್ಣೆ ಚೆನ್ನಾಗಿ ಕಾದ ಮೇಲೆ ಬೀಜ ತೆಗೆದ ತೆಪ್ಪಳ ನಾಲ್ಕೈದು, ಮುರಿದ ಒಣಮೆಣಸಿನಕಾಯಿ ನಾಲ್ಕು ಹಾಕಿ, ಅವು ಕಪ್ಪಾಗುವ ಮೊದಲೇ ಆಲೂಗಡ್ಡೆಯನ್ನು ಸುರಿದು ದೊಡ್ಡ ಉರಿಯಲ್ಲಿ ಕೈಬಿಡದೆ ತಿರುವಿರಿ. ಎರಡು ಮೂರು ನಿಮಿಷವಾದೊಡನೆ ರುಚಿಗೆ ಉಪ್ಪು, ಒಂದು ಚಮಚ ವಿನೆಗರ್ ಹಾಕಿ ಇಳಿಸಿರಿ. ಎಳೆಗಳು ಮೆತ್ತಗಾಗದೆ ಕಚ್ಚಿದರೆ ಗರಿಗರಿಯೆನ್ನಬೇಕು. ಹೆಚ್ಚು ಬೆಂದರೆ ಅದು ನಮ್ಮ ಪಲ್ಯವೇ ಆಗುವುದು. ಬಿಸಿ ಅನ್ನದೊಡನೆ ಬಡಿಸಿರಿ.

ಬೆಟ್ಟಕಡಲುಗಳಾಚೆಯ ಒಂದು ಮನೆಯಲ್ಲಿಯೂ ಇದೇ ಹೊತ್ತಿಗೆ ಒಬ್ಬ ತಾಯಿ ಇದೇ ಪಲ್ಯವನ್ನು ಬಡಿಸುತ್ತ, ಬಂದವರನ್ನು ಊಟವಾಯಿತೇ ಎಂದು ಕೇಳುತ್ತಿರಬಹುದು. ಆ ದೇಶವನ್ನು ತಿಳಿಯಲು ಅದೂ ಒಂದು ಬಾಗಿಲು.